ಎಡಗೈ ಬೆನ್ನ ಹಿಂದೆ

ಇಳಕಲ್,
೧೪-೨-೧೯೭೯

ಬಾದಾಮಿಯ ಅಕ್ಕ ಸತ್ಯವ್ವನಿಗೆ ತಂಗಿ ಸುಂದರವ್ವ ನೆನೆದು ಬರೆಯುವುದು.

ಮೈಕ್ ಸೆಟ್ಟು ಮಾರಿದೆಯಾ ಎಂದು ಮತ್ತೆ ಕೇಳಿದ್ದೀ. ಮಾರಿಲ್ಲ. ನಮ್ಮ ಮನೆಯವರ ಜೀವ ತೆಗೆದ ಸೆಟ್ಟು ಕಣ್ಣೆದುರು ಯಾಕೆ ಎಂಬ ನಿನ್ನ ಮಾತು ಸರಿಯೇ. ಹೋದ ವರ್ಷದಿಂದ ನಾನೂ ಅದರ ಮೇಲೆ ಕೌದಿ ಹೊದಿಸಿಟ್ಟಿದ್ದೆ. ಮಗಳು ರಂಗವ್ವ ಆ ಕೌದಿಯನ್ನು ತೆಗೆದಳು.

ಅವಳೂ ಅಪ್ಪನ ಹಾಗೆ ಮೌತ್ ಆರ್ಗನ್ ನುಡಿಸುತ್ತಾಳಲ್ಲ, ಬರುವ ಭಾನುವಾರ ಹುನಗುಂದದ ಮದುವೆಯಲ್ಲಿ ಹುಸೇನಪೀರನ ಬ್ಯಾಂಡಿನ ಜೊತೆ ನುಡಿಸಬೇಕು. ಅವಳಿಗೆ ಇದೇ ಮೊದಲ ಕರೆ. ಸೆಟ್ಟಿನೊಳಗೆ ಉರಿಯುವ ಗಾಜಿನ ವಾಲ್ವುಗಳು ಹೋಗಿದ್ದವು. ಪೇಟೆಯ ರೇಡಿಯೊ ರಿಪೇರಿಯ ಅಮೀನಸಾಬ ಹೊಸವನ್ನು ಹಾಕಿಕೊಟ್ಟ. ಮಾತಾಡಿದರೆ ಚೆನ್ನಾಗಿ ಕೇಳಿಸಿತು, ಮೌತ್ ಆರ್ಗನ್ ಮಾತ್ರ ಸೊರಗಿ ಕಿರುಗುಟ್ಟಿತು. ಹುಸೇನಪೀರ ಕೇಳಿ ನಕ್ಕುಬಿಟ್ಟ. "ಏನವಾ, ತಗಡಿನ ಡಬ್ಬ್ಯಾಗ ಗುಂಗಾಡ ಹೊಕ್ಕು ಗುಂಯ್‌ಗುಟ್ಟಿದಂಗ ಐತಲ್ಲ! ಶನಿವಾರಕ್ಕ ಸರಿ ಆಗ್ಲಿಲ್ಲಂದ್ರ ನಾ ಪೇಟಿ ಬಾರ್ಸಾವನ್ನ ಕರಕೊಂಡು ಹೋಗ್ತೇನಿ" ಎಂದ.

ಒಳಗೆ ಒಂದು ಸಣ್ಣ ಸ್ಕ್ರೂ ಇದೆ. ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯಬೇಕೆಂದು ಅದರಿಂದ ತಿದ್ದುತ್ತಾರೆ. ಬಯಾಸ್ ಎನ್ನುತ್ತಾರಂತೆ. ಕಡಿಮೆಯಾದರೆ ಧ್ವನಿ ಸೊರಗುತ್ತದೆ, ಹೆಚ್ಚಾದರೆ ವಾಲ್ವು ಸುಡುತ್ತದೆ. ಅಮೀನಸಾಬನನ್ನು ಕೇಳಿದೆವು. "ಭಾಳ ದಿನ ಬಾಳಲಿ ಅಂತ ಕಮ್ಮಿ ಇಟ್ಟೇನವ್ವಾ. ಏರಿಸಿ ಸುಟ್ರ ನನ್ನ ಹೆಸರು ಕೆಡ್ತೈತಿ, ನಾ ಒಲ್ಲೆ" ಎಂದ. ರಂಗವ್ವ ತಾನೇ ತಿದ್ದುತ್ತೇನೆ ಎಂದಳು. ಸೆಟ್ಟಿನಲ್ಲಿ ಕರೆಂಟು ಹರಿಯುತ್ತಿರುವಾಗಲೇ ತಿದ್ದಬೇಕು, ಅಕ್ಕಾ.

ನಿನ್ನೆ ಮಧ್ಯಾಹ್ನ ಮಣೆಯ ಮೇಲೆ ನಿಂತಳು. ಬಲಗೈಯಲ್ಲಿ ಮರದ ಹಿಡಿಯ ತಿರುಪುಳಿ, ಎಡಗೈ ಬೆನ್ನ ಹಿಂದೆ. ಅಪ್ಪ ಕಲಿಸಿದ್ದೇ ಹಾಗೆ. ಶಾಕ್ ಹೊಡೆದರೂ ಎದೆಯನ್ನು ದಾಟಬಾರದು ಎಂದು. ಅವರು ಹೋದ ದಿನ ಅವರ ಎರಡೂ ಕೈ ಒಳಗಿದ್ದವು. ಏನಾದರೂ ಆದರೆ ಆರಿಸಲು ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲಬೇಕಿತ್ತು, ನಿಂತೆ. ತಿರುಪುಳಿ ಒಳಗೆ ಹೋಗುತ್ತಲೇ ನನಗೆ ತಡೆಯಲಾಗಲಿಲ್ಲ. ಈ ಕೈಯೂ ಎಲ್ಲಿ ಒಳಗೆ ಹೋದೀತೋ ಎಂದು ಓಡಿ ಅವಳ ಎಡಗೈಯನ್ನು ಗಟ್ಟಿಯಾಗಿ ಹಿಡಿದೆ. ನನ್ನದು ಭಾಂಡೆ ತಿಕ್ಕಿ ಬಂದ ಒದ್ದೆ ಕೈ, ಬರಿಗಾಲು.

ಅವಳು ಅಲುಗಲಿಲ್ಲ. ಮೆಲ್ಲಗೆ, "ಅವ್ವಾ, ಕೈ ಬಿಡು. ನೀ ಹಿಡಕೊಂಡ್ರ ಕರೆಂಟು ನಿನ್ನ ಮ್ಯಾಲೆ ಹಾದು ನೆಲಕ್ಕ ಹೋಗ್ತೈತಿ. ಇಬ್ರೂ ಉಳಿಯಂಗಿಲ್ಲ" ಎಂದಳು. ಕೈ ಬಿಟ್ಟೆ. ಸ್ವಿಚ್ಚಿನ ಹತ್ತಿರ ಹಿಂತಿರುಗಿದೆ.

ಸ್ಕ್ರೂ ತಿರುಗಿಸಿದಳು. ವಾಲ್ವಿನ ಒಳಗಿನ ತಗಡು ಕೆಂಪಾಯಿತು. ಬೆರಳು ಒತ್ತಿಯೇಬಿಡುತ್ತಿತ್ತು, "ಆರಿಸಬ್ಯಾಡ!" ಎಂದು ಕೂಗಿದಳು. ಎಳ್ಳಷ್ಟು ಹಿಂದಕ್ಕೆ ತಿರುಗಿಸಿದಳು. ಕೆಂಪು ಇಳಿಯಿತು. ಕೈ ಹೊರಗೆ ತೆಗೆದಳು. ಆಗ ನಾನು ಸ್ವಿಚ್ಚಿನಿಂದ ಬೆರಳು ತೆಗೆದೆ.

ಆಮೇಲೆ ನುಡಿಸಿದಳು. ಧ್ವನಿ ತುಂಬಿಕೊಂಡು, ಮನುಷ್ಯರ ಕೊರಳಿನಂತೆ ಬಂತು. "ಅಪ್ಪಂದು ಇನ್ನೂ ದಪ್ಪ ಇತ್ತು" ಎಂದು ಮತ್ತೆ ತಿರುಪುಳಿ ಎತ್ತಿದಳು. ಸಾಕು ಎಂದು ವಯರ್ ಕಿತ್ತು ಮಡಿಲಲ್ಲಿ ಹಾಕಿಕೊಂಡು ಕೂತೆ.

ಭಾನುವಾರ ಹುನಗುಂದಕ್ಕೆ ನಾನೂ ಹೋಗುತ್ತೇನೆ. ಸೆಟ್ಟು ಕೊಳ್ಳುವವರನ್ನು ಇನ್ನು ಕಳಿಸಬೇಡ.

ನಿನ್ನ ತಂಗಿ,
ಸುಂದರವ್ವ

ತಾ.ಕ.: ಹೇಳಿದ ಕೂಡಲೇ ಕೈ ಬಿಟ್ಟೆ ಎನ್ನುವಂತೆ ಬರೆದಿದ್ದೇನೆ. ಬಿಡಲಿಲ್ಲ. ಮತ್ತೆ ಹೇಳಿದಳು, ಆಗಲೂ ಬಿಡಲಿಲ್ಲ. ಕೊನೆಗೆ "ಸುಂದ್ರೀ, ದೂರ ಸರಿ" ಎಂದಳು. ಸೆಟ್ಟು ಬಿಚ್ಚಿ ಕೂತಾಗ ನಾನು ಹತ್ತಿರ ಸುಳಿದರೆ ನಮ್ಮ ಮನೆಯವರು ಗದರಿಸುತ್ತಿದ್ದುದು ಇದೇ ಹೆಸರು ಹಿಡಿದು, ಹೀಗೆಯೇ. ನನ್ನ ಕೈ ತಾನಾಗಿ ಬಿಟ್ಟಿತು. ಆ ಮಾತನ್ನು ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ.