ಮೋಟಾರಿನ ಗಂಟು, ಟಪ್ಪಾಲಿನ ಪಾರ್ಸೆಲ್

ಡಿಸೆಂಬರ್ 24, 1951. ಚಿಂಚೋಳಿ

ಶಾಲೆಯಿಂದ ಬಂದು ಪಾಟಿಗಳನ್ನು ತಿದ್ದುತ್ತಿದ್ದೆ. ತಂಗಿ ಶಿವಕಾಂತಾಗೆ ಮತ್ತೆ ಕೆಮ್ಮು. ಸೆರಗಿನಲ್ಲಿ ರಕ್ತ. ಕಂಪೌಂಡರ್ ಅಮೀರ್ ಅಲಿ ಹೇಳಿ ಹೋದರು — "ಇಂಜೆಕ್ಷನ್ ಶುಕ್ರವಾರಕ್ಕ ಮುಗೀತಾವ್ರಿ. ನಡುವ ಬಿಟ್ರ ಭಾಳ ಕಷ್ಟ ಅದ."

ಆ ಔಷಧ ಶಹಾಬಾದದಲ್ಲೇ ಸಿಗಬೇಕು. ಅಲ್ಲಿರುವ ತಮ್ಮ ಅಂಬಾರಾಯ, ಹೇಗೆ ಕಳಿಸಲಿ ಎಂದು ಕೇಳಿದ್ದಾನೆ. ಟಪ್ಪಾಲಾದರೆ ರಜಿಸ್ಟರ್, ಅರಗಿನ ಮುದ್ರೆ, ರಸೀದಿ. ಆದರೆ ವಾಡಿ, ಸೇಡಂ ಸುತ್ತಿ ಯಾವಾಗ ಬರುತ್ತದೋ! ಶಹಾಬಾದದಿಂದ ಇಲ್ಲಿಗೆ ಓಡುವ ಬಾಬುಮಿಯಾನ ಮೋಟಾರು ಒಂದೇ ದಿನ. ರಸೀದಿ ಇಲ್ಲ, ಬರೀ ಬಾಯಿಮಾತು.

ಅವ್ವ ಟಪ್ಪಾಲಿನ ಕಡೆ. "ರಸೀದಿ ಇರ್ತದವ್ವ."

"ರಸೀದಿ ತೇದು ಕುಡಿಸಿದ್ರ ಕೆಮ್ಮು ನಿಲ್ತದೇನು?" ಅಂದೆ. ಮೋಟಾರಿಗೇ ಹಾಕು, ಅವ್ವ ಮಾತ್ರ ಟಪ್ಪಾಲು ಅನ್ನುತ್ತಾಳೆ ಎಂದು ತಂತಿ ಕೊಟ್ಟೆ.

ಡಿಸೆಂಬರ್ 27

ಅಂಬಾರಾಯನ ತಂತಿ. ಅರ್ಧ ಟಪ್ಪಾಲಿಗೆ ಹಾಕಿದನಂತೆ, ಅರ್ಧ ನಾಳೆಯ ಮೋಟಾರಿಗೆ. ಅಕ್ಕನಿಗೂ ಇಲ್ಲ ಅನ್ನಲಾರ, ಅವ್ವನಿಗೂ ಇಲ್ಲ ಅನ್ನಲಾರ. ನಗು ಬಂತು.

ಡಿಸೆಂಬರ್ 28, ಎಳ್ಳಮಾಸಿ. ಸಂಜೆ

ಊರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ದಿನ. ನಾವು ಮಾತ್ರ ಮನೆಯಲ್ಲಿ, ಮೋಟಾರಿನ ಹಾದಿ ಕಾಯುತ್ತ. ಕೊನೆಯ ಇಂಜೆಕ್ಷನ್ ಬೆಳಗ್ಗೆ ಆಯಿತು.

ಬಾಬುಮಿಯಾ ತಾನೇ ಗಂಟು ತಂದುಕೊಟ್ಟ. ಬಿಚ್ಚಿದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ...

ಶಹಾಬಾದದವರು ಹಬ್ಬಕ್ಕೆಂದು ಕೊಟ್ಟ ಬುತ್ತಿಗಳನ್ನು ಅವರ ಬೀಗರ ಹೊಲಗಳಲ್ಲಿ ಇಳಿಸುತ್ತ ಬಂದಿದ್ದಾನೆ. ಎಲ್ಲವೂ ಬಿಳಿ ಧೋತರದ ಗಂಟು. ನಮ್ಮ ಅಂಬಾರಾಯನೂ ಬಿಳಿ ಧೋತರದಲ್ಲೇ ಕಟ್ಟಿದ್ದಾನೆ — ಶಾಣ್ಯಾ!

"ನಿಮ್ದು ಯಾವ್ದೋ ಹೊಲಕ್ಕ ಹೋಗ್ಯಾದ್ರಿ ಅಕ್ಕೋರೆ. ಅಲ್ಲಾನ ಆಣಿ, ಹುಡ್ಕಿ ತರ್ತೀನಿ."

ಮೋಟಾರು ತಿರುಗಿಸಿಕೊಂಡು ಹೋದ.

ಡಿಸೆಂಬರ್ 29

ಸುದ್ದಿ ಇಲ್ಲ.

"ಇವತ್ತ ಸೂಜಿ ಇಲ್ಲೇನಕ್ಕ?" — ಶಿವಕಾಂತಾ ಖುಷಿಯಿಂದ ಕೇಳಿದಳು. ಸೂಜಿಗೂ ರಜಾ ಅಂದೆ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವ್ವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 31

ಬಾಬುಮಿಯಾ ಬಂದ. ಕಣ್ಣು ಕೆಂಪಗೆ. ಗಂಟು ಚಿಮ್ಮನಚೋಡದ ಹೊಲವೊಂದರಲ್ಲಿ ಸಿಕ್ಕಿತಂತೆ. "ಬುತ್ತಿ ಅಂತ ತಿಳ್ದು ಬುಟ್ಟ್ಯಾಗ ಹಾಕಿ, ಮ್ಯಾಲ ಅಂಬಲಿ ಗಡಗಿ ಇಟ್ಟಾರ್ರಿ..."

ಬಿಚ್ಚಿ ನೋಡಲಿಲ್ಲ. ಒಳಗೆ ಗಾಜಿನ ಚೂರುಗಳ ಸದ್ದು. ಶಿವಕಾಂತಾಗೆ ಜ್ವರ ಏರಿದೆ. ಇನ್ನು ಟಪ್ಪಾಲೊಂದೇ ಗತಿ.

ಜನವರಿ 2, 1952. ಮಧ್ಯಾಹ್ನ

ಪಾರ್ಸೆಲ್ ಬಂತು! ಟಪ್ಪಾಲು ಕಚೇರಿಗೆ ಓಡಿದೆ. ಅರಗಿನ ಮುದ್ರೆ ಕೂಡ ಒಡೆದಿಲ್ಲ. ಆದರೆ ಪೋಸ್ಟ್ ಮಾಸ್ತರರು ಕೈಗೆ ಕೊಡಲೊಲ್ಲರು.

"ಶಿವಕಾಂತಮ್ಮನ ಹೆಸರಿಗದರಿ. ಆಕೀನೇ ಸಹಿ ಮಾಡ್ಬೇಕು."

ಬೇಡಿಕೊಂಡೆ, ಜಗಳಾಡಿದೆ. ಕೊನೆಗೆ ಪೋಸ್ಟ್‌ಮನ್ ಮಶಾಕನ ಕೈಲಿ ಪಾರ್ಸೆಲ್ ಕೊಟ್ಟು ನನ್ನ ಜೊತೆ ಮನೆಗೆ ಕಳಿಸಿದರು.

ಅಮೀರ್ ಅಲಿ ಬಂದು ಸೂಜಿ ಕುದಿಸಲಿಕ್ಕೆ ಇಟ್ಟಿದ್ದರು. ಶಿವಕಾಂತಾಳ ಬೆರಳ ನಡುವೆ ಪೆನ್ಸಿಲ್ ಇಟ್ಟೆ. ಜಾರಿತು. ಮತ್ತೆ ಇಟ್ಟೆ. "ಸಹಿ ಮಾಡವ್ವ, ಒಂದು ಗೆರಿ ಎಳಿ ಸಾಕು..."

ಅಮೀರ್ ಅಲಿ ಅವಳ ನಾಡಿ ಹಿಡಿದರು. ಎದ್ದು ಹೋಗಿ ಒಲೆ ಆರಿಸಿದರು.

ಮಶಾಕ ಪಾರ್ಸೆಲ್ ತಂದು ನನ್ನ ಮಡಿಲಲ್ಲಿಟ್ಟ. "ಸಹಿ ಬ್ಯಾಡ್ರಿ ಅಕ್ಕೋರೆ" ಅಂದ.

ಶಿವಕಾಂತಾ —