ತಣ್ಣನೆಯ ಸೂಜಿ

ಆದಿವಾಲ
ಗುರುವಾರ

ಹಿರಿಯೂರಿನ ಸೂಜಿ ಡಾಕ್ಟರು ಶಿವಗಂಗಮ್ಮನವರಿಗೆ ಆದಿವಾಲದ ಸಿದ್ದಕ್ಕ ಮಾಡುವ ನಮಸ್ಕಾರಗಳು.

ನಿಮ್ಮ ದಯೆಯಿಂದ ನನ್ನ ಬಲಗೈ ಈಗ ತಲೆಯ ಮೇಲಕ್ಕೆ ಏಳುತ್ತದೆ. ಮೊದಲ ದಿನ ನೀವು ಔಷಧಿ ತುಂಬದ, ಕೂದಲೆಳೆಯಂಥ ಆ ಸೂಜಿ ತೆಗೆದಾಗ "ಬೆಂಕಿ ಎಲ್ಲೈತ್ರಿ?" ಎಂದು ಕೇಳಿ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಕುರಿಗಾಗಲಿ ಮನುಷ್ಯರಿಗಾಗಲಿ, ನೋವು ಬಂದರೆ ನಮ್ಮ ಮನೆಯಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುತ್ತಾರೆ. ನನ್ನ ಭುಜದ ಹಳೆಯ ಬರೆಗಳನ್ನು ನೋಡಿ ನೀವು ಬೈಯಲಿಲ್ಲ. ಸೂಜಿಯನ್ನು ನನ್ನ ಅಂಗೈಗೆ ಕೊಟ್ಟು, "ಮುಟ್ಟಿ ನೋಡ್ರಿ, ತಣ್ಣಗೈತೆ" ಎಂದಿರಿ. ಚುಚ್ಚಿದ್ದು ಇರುವೆ ಕಚ್ಚಿದಷ್ಟೇ. ಆಮೇಲೆ ತೋಳು ಭಾರವಾಗಿ, ಅಲ್ಲೇ ನಿದ್ದೆ ಬಂತು. ಒಂದೇ ಸಲಕ್ಕೆ ವಾಸಿಯಾಗುವುದಿಲ್ಲ ಎಂದು ನೀವು ಮೊದಲೇ ಹೇಳದಿದ್ದರೆ ನಾನು ಮತ್ತೆ ಬರುತ್ತಲೇ ಇರಲಿಲ್ಲ.

ಈಗ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಮಗಳ ಕೂಸಿಗೆ ಹೊಟ್ಟೆ ಉಬ್ಬಿದೆ, ಹಾಲು ಕುಡಿಯುತ್ತಿಲ್ಲ. ಬೆಳಿಗ್ಗೆ ನಮ್ಮತ್ತೆ ಏಕನಾಥಮ್ಮ ಒಲೆಯಲ್ಲಿ ಕಬ್ಬಿಣ ಕಾಯಿಸಿ ತಂದರು. ನಾನು ಇದೇ ಬಲಗೈಯಿಂದ ಅವರ ಕೈಯನ್ನು ಮೇಲಕ್ಕೆತ್ತಿ ಹಿಡಿದೆ, ಕಬ್ಬಿಣ ಆರುವ ತನಕ ಬಿಡಲಿಲ್ಲ. "ಈ ಕೈಗೆ ಇಷ್ಟು ಬಲ ಎಲ್ಲಿಂದ ಬಂತೇ?" ಎಂದರು.

ಕೂಸಿಗೆ ಸೂಜಿ ಹಾಕಿ ಎಂದು ಕೇಳುತ್ತಿಲ್ಲ. ಮಗಳು ಕೂಸನ್ನು ಎತ್ತಿಕೊಂಡು, ಈ ಪತ್ರ ಹಿಡಿದು ಈಗಿನ ಬಸ್ಸಿಗೇ ಬರುತ್ತಿದ್ದಾಳೆ. ದಯವಿಟ್ಟು ಕೂಡಲೇ ಮಕ್ಕಳ ಡಾಕ್ಟರ ಹತ್ತಿರ ಕಳಿಸಿಕೊಡಿ. ಕುರಿಗಳು ಈಯುತ್ತಿರುವುದರಿಂದ ನಾನು ಬರಲಾರೆ.

ಅತ್ತೆಯೂ ಜೊತೆಗೆ ಬರುತ್ತಿದ್ದಾರೆ. ಅವರಿಗೆ ಮಂಡಿ ನೋವಿದೆ, ಬಾಯಿಬಿಟ್ಟು ಹೇಳುವವರಲ್ಲ. ಮೊದಲು ಸೂಜಿಯನ್ನು ಅವರ ಅಂಗೈಗೆ ಕೊಡಿ.

ನಿಮ್ಮ,
ಸಿದ್ದಕ್ಕ