ಅಣ್ಣ ಹಾಕದ ಸಹಿ

ರಾಜಾಜಿನಗರ,
೧೬–೬–೧೯೫೭

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರ. ಕೆಮ್ಮು ಹೇಗಿದೆ? ಭದ್ರಾವತಿಯ ಹೊಗೆಗೆ ಅದು ಸುಲಭಕ್ಕೆ ಬಿಡುವುದಿಲ್ಲ, ರಾತ್ರಿ ಬಿಸಿನೀರಿನ ಹಬೆ ತೆಗೆದುಕೋ. ಅತ್ತಿಗೆಗೆ ಈಗ ಎಂಟನೆಯ ತಿಂಗಳಲ್ಲವೆ, ಕಾಲು ಊದಿಕೊಂಡರೆ ಉದಾಸೀನ ಮಾಡದೆ ಡಾಕ್ಟರಿಗೆ ತೋರಿಸು. ನೋಡು, ಇನ್ನೂ ಆಸ್ಪತ್ರೆಯವಳ ಹಾಗೇ ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ.

ಅಪ್ಪ ಹೋದ ಮೇಲೆ ನೀನೇ ಮನೆಯ ಯಜಮಾನ. ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ ನನ್ನನ್ನು ಆಸ್ಪತ್ರೆಗೆ ಸೇರಿಸಿದವನೂ ನೀನೇ. ಟೀಚರ್ ಟ್ರೈನಿಂಗಿಗೆ ಸೀಟು ಸಿಗುವವರೆಗೆ ವಾರ್ಡಿನಲ್ಲಿ ಸಹಾಯಕ್ಕಿರು ಎಂದೆ. ಮೊದಲ ದಿನ ಬೆಡ್‌ಪ್ಯಾನ್ ಎತ್ತಿ, ಹಿಂದುಗಡೆ ಹೋಗಿ ವಾಂತಿ ಮಾಡಿಕೊಂಡು ಅತ್ತೆ. ಆಮೇಲೆ ಸೊಂಟ ಮುರಿದುಕೊಂಡ ಸುಂಕದಕಟ್ಟೆಯ ಬೋರಮ್ಮ ಬಂದಳು. ಮಲಗಿ ಮಲಗಿ ಮುದುಕಿಯ ಬೆನ್ನೆಲ್ಲ ಹುಣ್ಣು. ಎತ್ತದೆ ಪಕ್ಕಕ್ಕೆ ಹೊರಳಿಸಿ, ಒದ್ದೆ ಹಾಸನ್ನು ಅರ್ಧ ಸುತ್ತಿ, ಒಣ ಹಾಸನ್ನು ಅರ್ಧ ಹರಡುವುದನ್ನು ಹಿರಿಯ ಸಿಸ್ಟರ್ ಹೇಳಿಕೊಟ್ಟರು. ಒಂದೂವರೆ ತಿಂಗಳು ಬೋರಮ್ಮನ ಬೆನ್ನು ನನ್ನದೇ ಜವಾಬ್ದಾರಿ. ಹುಣ್ಣು ವಾಸಿಯಾದ ದಿನ ಅವಳು, "ನಿನ್ ಕೈ ಮುಟ್ಟಿದ್ರೆ ನೋವೇ ಗೊತ್ತಾಗಾಕಿಲ್ಲ ಕಣವ್ವಾ" ಅಂದಳು. ಪರೀಕ್ಷೆ ಪಾಸಾದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ ಅಣ್ಣ. ಆ ಸಂಜೆ ಮಾಗಡಿ ರಸ್ತೆಯುದ್ದಕ್ಕೂ ಒಬ್ಬಳೇ ನಗುತ್ತಾ ನಡೆದುಬಂದೆ.

ನರ್ಸ್ ತರಬೇತಿಗೆ ನನ್ನ ಹೆಸರನ್ನು ಸಿಸ್ಟರ್ ತಾವಾಗಿ ಬರೆದರು. ಹಿರಿಯರ ಒಪ್ಪಿಗೆಯ ಸಹಿ ಒಂದೇ ಬಾಕಿ. ಯುಗಾದಿಗೆ ಬಂದವನ ಕೈಗೆ ಅರ್ಜಿ ಕೊಟ್ಟೆ. ಹೊರಡುವ ದಿನ ನನ್ನ ಜಡೆ ಎಳೆದು, "ಸಹಿ ಹಾಕಿ ಪೋಸ್ಟ್ ಮಾಡಿದೀನಿ ಕಣೇ ನರ್ಸಮ್ಮ, ಮುಂದೆ ನಂಗೇ ಸೂಜಿ ಚುಚ್ಬೇಡ" ಎಂದು ನಗಿಸಿದೆ. ನಾನು ಇಡೀ ವಾರ್ಡಿಗೆ ಸಾರಿಕೊಂಡು ಬಂದೆ. ಬೋರಮ್ಮ ಮಲಗಿದಲ್ಲೇ ನೆಟಿಕೆ ಮುರಿದಳು. ಮೇ ತಿಂಗಳಲ್ಲಿ ಸಿಸ್ಟರ್ ಕರೆದು, "ಮದ್ವೆ ಗೊತ್ತಾಗಿದೆ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತೇನಮ್ಮ?" ಅಂದರು. ಯಾರ ಮದುವೆ? ಅವರು ಮುಂದಿಟ್ಟ ಕಾಗದದಲ್ಲಿ ನಿನ್ನ ದುಂಡು ಅಕ್ಷರ. ಹುಡುಗಿಗೆ ಮದುವೆ ನಿಶ್ಚಯವಾಗಿದೆ, ತರಬೇತಿ ಬೇಡವೆಂದು ಅವಳೇ ಹೇಳುತ್ತಾಳೆ ಎಂದು ನೀನು ಬರೆದಿದ್ದೆ. ಸೀಟು ಆಗಲೇ ಬೇರೆ ಹುಡುಗಿಗೆ ಹೋಗಿತ್ತು.

ಅಮ್ಮನಿಗೂ ಗೊತ್ತಿತ್ತು. "ಕಂಡೋರ ಹೇಸಿಗೆ ಬಳಿಯೋಳ್ನ ಯಾವನು ಕಟ್ಕೋತಾನೆ ಅಂತ ಅಣ್ಣ ಹೆದರ್ಕೊಂಡ" ಎಂದಳು. ಬೇಡ ಎಂದು ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಉಪವಾಸ ಕೂರುತ್ತಿದ್ದೆ, ಕೊನೆಗೆ ಸೋತು ಸುಮ್ಮನಾಗುತ್ತಿದ್ದೆನೋ ಏನೋ. ನೀನು ಜಡೆ ಎಳೆದು ನಗಿಸಿದೆಯಲ್ಲ, ಅದನ್ನು ಮಾತ್ರ ಹೇಗೆ ನುಂಗಿಕೊಳ್ಳಲಿ? ಮನೆಯಲ್ಲಿ ನಾನು ಕಣ್ಣುಮುಚ್ಚಿ ನಂಬಿದ್ದು ನಿನ್ನೊಬ್ಬನನ್ನೇ.

ಜುಲೈಯಿಂದ ಟೀಚರ್ ಟ್ರೈನಿಂಗಿಗೆ ಸೇರುತ್ತೇನೆ. ಯಾರ ಬಲವಂತಕ್ಕೂ ಅಲ್ಲ, ಸಂಬಳ ನನ್ನ ಕೈಗೆ ಬಂದರೆ ಮುಂದೆ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ ಎಂದು ನಾನೇ ಯೋಚಿಸಿ ಆರಿಸಿಕೊಂಡಿದ್ದೇನೆ. ಮಕ್ಕಳಿಗೆ ಚೆನ್ನಾಗಿಯೇ ಪಾಠ ಹೇಳುತ್ತೇನೆ. ಆದರೆ ಬೋರಮ್ಮನ ಬೆನ್ನು ವಾಸಿಯಾದ ದಿನದ ಸಂತೋಷ ಅಲ್ಲಿ ಸಿಗುತ್ತದೆ ಎಂದು ಅನ್ನಿಸುವುದಿಲ್ಲ.

ಅತ್ತಿಗೆಗೆ ನನ್ನ ಪ್ರೀತಿ ತಿಳಿಸು. ಅವಳ ಮೇಲೆ ನನಗೆ ಕೋಪವಿಲ್ಲ.

ನಿನ್ನ ತಂಗಿ,
ಜಲಜಾ

ವಿ.ಸೂ.: ಅಂಚೆ ತೆಗೆಯುವ ಹೊತ್ತಾಯಿತು. ಮೊನ್ನೆಯ ಕಾಗದದಲ್ಲಿ ನೀನು, ಅತ್ತಿಗೆಗೆ ತಾಯಿ ಇಲ್ಲ, ಆಸ್ಪತ್ರೆ ಕೆಲಸ ಕಲಿತವಳು ನೀನಿದ್ದೀಯಲ್ಲ, ಬಾಣಂತನಕ್ಕೆ ಬಂದುಬಿಡು ಎಂದು ಬರೆದಿದ್ದೀಯೆ. ಬರುವುದಿಲ್ಲ. ನಿಮ್ಮೂರ ಆಸ್ಪತ್ರೆಗೆ ಸೇರಿಸು. ಅಲ್ಲಿ ಯಾರೋ ಒಬ್ಬಳು ನರ್ಸ್ ಇರುತ್ತಾಳೆ. ಅವಳ ಅಣ್ಣ ಸಹಿ ಹಾಕಿರುತ್ತಾನೆ.